ಕೆಳಗಿನ ಐದು ತೂತುಗಳು

ಒಂದು ತೂತು ಕೊರೆಯಲು ಮೂರು ದಿನ ತೆಗೆದುಕೊಳ್ಳುವ ಮನುಷ್ಯರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿಲ್ಲವಾದರೆ ಬ್ಯಾಡಗಿಗೆ ಬನ್ನಿ, ನಮ್ಮ ಕಾಕಾನನ್ನು ತೋರಿಸುತ್ತೇನೆ. ಬರುವಾಗ ಕೈಗಡಿಯಾರ, ಬಳೆ, ಉಂಗುರ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಕೂದಲು ಉದ್ದವಿದ್ದರೆ ಬಿಗಿಯಾಗಿ ಗಂಟು ಹಾಕಿಕೊಳ್ಳಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ಇದ್ದರೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ. ಇಷ್ಟೆಲ್ಲ ಮಾಡದೆ ಡ್ರಿಲ್ ಮಷೀನು ಇರುವ ಕೋಣೆಗೆ ಕಾಲಿಟ್ಟಿರೋ, ಬೀಗರ ಮನೆಯವರಾದರೂ ಹೊರಗೇ ನಿಲ್ಲಬೇಕು! ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ಅರ್ಧ ತಾಸು ಹಾಗೆ ಹೊರಗೆ ನಿಂತಿದ್ದಾರೆ, ಕೈಯಲ್ಲಿ ಹೊಸ ಗಡಿಯಾರ ಇದ್ದ ತಪ್ಪಿಗೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ರಾಣೆಬೆನ್ನೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷ ಕಲಿಯಲು ಬಂದವರ ಕಣ್ಣು, ಕೈ, ಬೆರಳುಗಳನ್ನು ಕಾಯ್ದರು. ತಮ್ಮ ಕಿವಿಯನ್ನು ಕಾಯುವುದನ್ನು ಮಾತ್ರ ಮರೆತುಬಿಟ್ಟರು. ಮಷೀನುಗಳ ಸದ್ದಿಗೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಹತ್ತಿರ ಹೋಗಿ ಹೇಳಿದರೆ ಕೇಳುತ್ತದೆ. ಕಿವಿಗೆ ಹಾಕಿಕೊಳ್ಳುವ ಯಂತ್ರವೂ ಇದೆ. ಆದರೆ ಗದ್ದಲದಲ್ಲಿ ಅದು ಕುಂಯ್ ಎಂದು ಕಿರುಚುತ್ತದೆಂದು ಅದನ್ನು ಕಪಾಟಿನಲ್ಲಿಟ್ಟು, ಡಬ್ಬಿಯ ಮೇಲೆ 'ಕಿವಿ ಮಷೀನು. ಬ್ಯಾಟರಿ ತೆಗೆದಿದೆ' ಎಂದು ಚೀಟಿ ಅಂಟಿಸಿದ್ದಾರೆ. ಹೀಗೆ ಬರೆಯುವುದು ಅವರ ಹಳೆಯ ಚಟ. ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ಯಾವುದನ್ನು ಅಳೆದರೂ ಅಲ್ಲೊಂದು ಗೆರೆ, ಗೆರೆಯ ಪಕ್ಕ ಒಂದು ಶಬ್ದ. ಅವರ ಮನೆಯ ಗೋಡೆಗಳ ಮೇಲೆ 'ಫ್ಯಾನು', 'ಮೊಳೆ', 'ಇಲ್ಲಿ ಬೇಡ' ಎಂದೆಲ್ಲ ಓದಬಹುದು.

ಕಾಕಾ ಮೊದಲಿನಿಂದಲೂ ಧೋತರದವರು. ಆದರೆ ಧೋತರದ ಚುಂಗು ಮಷೀನಿಗೆ ಸಿಕ್ಕಿದರೆ ಗತಿ ಏನು? ಅದಕ್ಕೇ ಡ್ರಿಲ್ ಹಿಡಿಯುವ ದಿನ ಮಾತ್ರ ಹಳೆಯ ಖಾಕಿ ಚಣ್ಣ ಹೊರಬರುತ್ತದೆ. ಓಣಿಯಲ್ಲಿ ಅದಕ್ಕೆ 'ತೂತಿನ ಚಣ್ಣ' ಎಂದೇ ಹೆಸರು. ಚಣ್ಣದಲ್ಲಿ ಒಂದೂ ತೂತಿಲ್ಲ, ಆ ಮಾತು ಬೇರೆ.

ನನಗೂ ಕಾಕಾಗೂ ಅಜಗಜಾಂತರ. ನಾನು ಹಾವೇರಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು; ನನಗೆ ಎಲ್ಲವೂ ಲಗೂ ಲಗೂ ಆಗಬೇಕು. ನಮ್ಮ ಮನೆಯ ಬಾಗಿಲಿಗೆ ಒಂದು ನಾಮಫಲಕ ಮಾಡಿಸಿ ತಂದೆ, ಚಂದದ ಅಕ್ರಿಲಿಕ್ ಹಾಳೆಯದು. ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದು ಮೊಳೆ ಹೊಡೆದರೆ ಮುಗಿಯಿತು ಅಂದುಕೊಂಡು, ಪಕ್ಕದ ಮನೆಯ ಡ್ರಿಲ್ ಇಸಿದುಕೊಂಡು ಬಂದು, ಪೂರಾ ವೇಗದಲ್ಲಿ ಬಿಟ್ಟೆ, ಮೇಲಿಂದ ಮೈಭಾರ ಹಾಕಿ ಒತ್ತಿದೆ. ಮೊದಲು ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ಕು ಕರಗಿ ಕೊರೆಯುವ ಕಡ್ಡಿಗೆ ಮೆತ್ತಿಕೊಂಡಿತು. ಆಮೇಲೆ ಟಣ್ ಎಂದಿತು ನೋಡಿ, ಬಿರುಕು ಮೂಲೆಯಿಂದ ಹೊರಟು ನಮ್ಮ ಯಜಮಾನರ ಹೆಸರನ್ನು ಸರಿಯಾಗಿ ಅರ್ಧಕ್ಕೆ ಸೀಳಿ, ನನ್ನ ಹೆಸರನ್ನು ಮುಟ್ಟದೆ ಕೆಳಗಿಳಿಯಿತು! ನಾನು ಬೇಕಂತಲೇ ಮಾಡಿದೆ ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಸುದ್ದಿ ತಿಳಿದ ಕಾಕಾ ಮೊದಲ ಬಸ್ಸಿಗೇ ಬಂದರು. ಸತ್ತವರ ಮನೆಗೆ ಬಂದವರ ಹಾಗೆ ಕೂತು, ಚೂರುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಸವರಿದರು. ಕೊನೆಗೆ ಕಣ್ಣಿಗೆ ಕನ್ನಡಕ ಹಾಕಿದ್ದೆಯಾ ಎಂದು ಕೇಳಿದರು. ಇಲ್ಲ ಎಂದೆ. ನನ್ನ ಎರಡು ಕಣ್ಣನ್ನೂ ಬೆಳಕಿಗೆ ಹಿಡಿದು ನೋಡಿ, ನೆಟ್ಟಗಿವೆ ಎಂದು ಖಾತ್ರಿಯಾದ ಮೇಲೆಯೇ ಬೈಯಲು ಶುರುಮಾಡಿದರು.

ಮರುದಿನ ಹೊಸ ಹಾಳೆ ಬಂತು, ಅದರ ಜೊತೆ ನನಗೆ ಪಾಠ. ಹಾಳೆಯ ಮೇಲಿನ ಕಾಗದ ಕೀಳಬಾರದು, ಅದು ಅದರ ಅಂಗಿ. ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಬೇಕು, ಕಡ್ಡಿ ಜಾರುವುದಿಲ್ಲ. ಕೆಳಗೆ ಹಲಗೆ ಕೊಟ್ಟು, ಹಾಳೆ ಅಲುಗದ ಹಾಗೆ ಬಿಗಿಯಬೇಕು. ಕಬ್ಬಿಣಕ್ಕೆ ಹರಿತ ಕಡ್ಡಿ ಬೇಕು, ಇದಕ್ಕೆ ತುದಿಯನ್ನು ಸ್ವಲ್ಪ ಮೊಂಡು ಮಾಡಬೇಕು, ಇಲ್ಲವಾದರೆ ಕಚ್ಚಿ ಎಳೆಯುತ್ತದೆ. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ನಿಧಾನ ತಿರುಗಿಸಬೇಕು, ನಡುನಡುವೆ ಎತ್ತಿ ಪುಡಿ ಝಾಡಿಸಿ ಆರಲು ಬಿಡಬೇಕು. ಅಂಚಿಗೆ ತೀರ ಹತ್ತಿರ ಕೊರೆಯಬಾರದು. ತೂತು ಸ್ಕ್ರೂಗಿಂತ ತುಸು ದೊಡ್ಡದಿರಬೇಕು, ಏಕೆಂದರೆ ಬಿಸಿಲಿಗೆ ಹಾಳೆ ಹಿಗ್ಗುತ್ತದೆ. ಕಡ್ಡಿ ಬದಲಿಸುವ ಮೊದಲು ಪ್ಲಗ್ ತೆಗೆಯಬೇಕು. ಮಷೀನು ಕೆಳಗಿಡುವಾಗ ಪ್ಲಗ್ ತೆಗೆಯಬೇಕು. ಯಾರಾದರೂ ಕರೆದರೆ, ಓ ಅನ್ನುವ ಮೊದಲು ಪ್ಲಗ್ ತೆಗೆಯಬೇಕು! ಇಷ್ಟೆಲ್ಲ ಹೇಳಿ, ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದರು.

"ಆ ಕಡೆ ತೂತು ಬೀಳೂ ಹೊತ್ತಿಗೆ ಕೈ ಹಗರ ಬಿಡಬೇಕವಾ. ಒಡಿಯೂದೆಲ್ಲಾ ಅಲ್ಲೇ. ಮುಗೀತು ಅಂತ ಒತ್ತಿದಿ, ಹೋತು."

ನಾಮಫಲಕ ಗೋಡೆಗೆ ಏರಲು ಮೂರು ದಿನ ಹಿಡಿಯಿತು. ಈಗ ನೀವೇ ಲೆಕ್ಕ ಹಾಕಿ, ಇಂಥವರ ಜೊತೆ ಸಂಸಾರ ಮಾಡುವ ಹೆಂಗಸಿನ ತಾಳ್ಮೆ ಎಷ್ಟಿರಬೇಕು!

ಆ ಹೆಂಗಸು ನಮ್ಮ ಚಿಗವ್ವ. ತಾಳ್ಮೆ ಇದೆಯೋ ಇಲ್ಲವೋ ಗೊತ್ತಿಲ್ಲ, ಗಂಟಲಂತೂ ಇತ್ತು. ಬ್ಯಾಡಗಿಯಲ್ಲಿ ಅವರ ಮನೆಗೆ ಅಂಟಿಕೊಂಡೇ ಒಂದು ಖಾರದ ಗಿರಣಿ ಇದೆ, ಅದು ಚಿಗವ್ವನದು. ಮಷೀನು ನಡೆಸುವವಳು ಹುಸೇನಬಿ, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾಳೆ. ಬಂದವರ ಡಬ್ಬಿ ಇಳಿಸಿಕೊಳ್ಳುವುದು, ಮೆಣಸಿನಕಾಯಿಗೆ ಇಷ್ಟು ಕೊತ್ತಂಬರಿ ಕಾಳು ಸಾಕು, ಇಷ್ಟು ಉಪ್ಪು ಬೇಕು ಎಂದು ಹೇಳುವುದು, ಯಾರ ಮನೆಯಲ್ಲಿ ಯಾರು ಬಾಣಂತಿ, ಯಾರ ಮಗಳಿಗೆ ಎಲ್ಲಿಯ ವರ ಎಂದು ವಿಚಾರಿಸುವುದು, ಎಲ್ಲ ಚಿಗವ್ವನ ಇಲಾಖೆ. ಗಿರಣಿಯ ಗರಗರ ಸದ್ದನ್ನೂ ಮೀರಿಸಿ ಮಾತನಾಡುತ್ತಿದ್ದಳು. ಇನ್ನು ಕಿವಿ ಕೇಳದ ಗಂಡನನ್ನು ಊಟಕ್ಕೆ ಕರೆಯಬೇಕಾದರೆ ಕೇಳಬೇಕೆ? "ಉಣ್ಣಾಕ ಬರ್ರೀ" ಎಂದು ಚಿಗವ್ವ ಒಂದು ಕೂಗು ಹಾಕಿದರೆ, ಅರ್ಧ ಓಣಿ ಕೈ ತೊಳೆದುಕೊಳ್ಳುತ್ತಿತ್ತು. ಕಾಕಾ ಮಾತ್ರ ಪೇಪರು ಓದುತ್ತ ಕೂತಿರುತ್ತಿದ್ದರು.

ಹೋದ ವರ್ಷ ಚಿಗವ್ವನಿಗೆ ಕೆಮ್ಮು ಶುರುವಾಯಿತು. ಬ್ಯಾಡಗಿಯಲ್ಲಿ ಯಾರು ಕೆಮ್ಮುವುದಿಲ್ಲ? ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ. ಆದರೆ ಇದು ಹೋಗುವ ಕೆಮ್ಮಾಗಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಹಾವೇರಿಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ಅವರು ಎರಡು ಮಾತು ಹೇಳಿದರು. ಒಂದು, ಇನ್ನು ಮೇಲೆ ಖಾರದ ಧೂಳಿನಲ್ಲಿ ಕೂರಬಾರದು. ಇನ್ನೊಂದು, ಕೂಗಿ ಮಾತನಾಡಬಾರದು. ಮೊದಲನೆಯ ಮಾತಿಗೆ ನಾವೆಲ್ಲ ಗಾಬರಿಯಾದೆವು. ಎರಡನೆಯದನ್ನು ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಗಿರಣಿ ಮುಚ್ಚಿಬಿಡೋಣ ಎಂದು ಬ್ಯಾಡಗಿಗೆ ಮರಳುವ ಬಸ್ಸಿನಲ್ಲಿ ನಾನೇ ಹೇಳಿದೆ. ಚಿಗವ್ವ ಔಷಧದ ಚೀಟಿಯನ್ನು ಸಣ್ಣಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೋಟೆಬೆನ್ನೂರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು: "ಒಳಗ ಕುಂತು ಗ್ವಾಡಿ ಜೋಡಿ ಮಾತಾಡ್ಲೇನು?"

ಗಿರಣಿ ಮುಚ್ಚುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಒಂದು ತಿಂಗಳು ಚಿಗವ್ವ ಪಡಸಾಲೆಯಲ್ಲಿ ಕೂತಳು. ಗಿರಣಿಯ ಕೆಲಸಕ್ಕೆ ಕಾಕಾ ಕೂತರು. ಅವರಿಗೆ ಡಬ್ಬಿ ತಂದವರು ಹೇಳುವುದು ಕೇಳಿಸುವುದಿಲ್ಲ, ಕೇಳಿಸಿದರೂ ಕೊತ್ತಂಬರಿ ಕಾಳಿನ ಪ್ರಮಾಣ ಗೊತ್ತಿಲ್ಲ. ಒಬ್ಬರ ಸಾರಿನ ಪುಡಿಗೆ ಇನ್ನೊಬ್ಬರ ಮಸಾಲೆ ಬೆರೆತು, ಓಣಿಯಲ್ಲಿ ಎರಡು ಮನೆಯವರು ಮಾತು ಬಿಟ್ಟರು. ಅದೆಲ್ಲ ನಗುವ ವಿಷಯ. ನಗಲಾರದ್ದು ಇನ್ನೊಂದಿತ್ತು, ಅದು ನನ್ನ ಗಮನಕ್ಕೆ ಬಂದದ್ದು ತಡವಾಗಿ. ಆ ಮನೆ ಸದ್ದಿಲ್ಲದ ಮನೆಯಾಗಿಬಿಟ್ಟಿತ್ತು. ಊಟದ ಕೂಗು ನಿಂತಿತ್ತು. ಚಿಗವ್ವ ಹುಸೇನಬಿಯನ್ನು ಕಳಿಸುತ್ತಿದ್ದಳು, ಹುಸೇನಬಿ ಕಾಕಾನ ಮುಂದೆ ನಿಂತು ಕೈಯನ್ನು ಬಾಯಿಗೆ ಒಯ್ದು ತೋರಿಸುತ್ತಿದ್ದಳು, ಕಾಕಾ ಎದ್ದು ಹೋಗುತ್ತಿದ್ದರು.

ಒಂದು ಭಾನುವಾರ ಹೋದರೆ, ಕಾಕಾ ಪಡಸಾಲೆ ಮತ್ತು ಗಿರಣಿಯ ನಡುವಿನ ದೊಡ್ಡ ಕಿಟಕಿಯ ಮುಂದೆ ಟೇಪು ಹಿಡಿದು ನಿಂತಿದ್ದರು. ಯೋಚನೆ ಹೀಗಿತ್ತು: ಆ ಕಿಟಕಿಗೆ ಪೂರ್ತಿಯಾಗಿ ಅಕ್ರಿಲಿಕ್ ಹಾಳೆ ಕೂರಿಸುವುದು. ಚಿಗವ್ವ ಒಳಗೆ ಕುರ್ಚಿಯಲ್ಲಿ, ಗಿರಾಕಿಗಳು ಹೊರಗೆ ಗಿರಣಿಯಲ್ಲಿ. ಮಾತಿಗೆ ಟಿಕೆಟ್ ಕೌಂಟರಿನ ಹಾಗೆ ಏಳು ತೂತು, ಒಳಗಿನಿಂದ ತೆಳು ಮಲ್ ಬಟ್ಟೆ, ಧೂಳು ಬರದ ಹಾಗೆ. ಗಾಜು ಏಕೆ ಬೇಡ ಎಂದರೆ, ಸ್ಟೀಲಿನ ಡಬ್ಬಿಗಳು ಬಡಿಯುವ ಜಾಗದಲ್ಲಿ ಗಾಜು ಇಡುವವನು ಫಿಟ್ಟರೇ ಅಲ್ಲ! ಪಡಸಾಲೆ ಗಿರಣಿಗಿಂತ ಎರಡು ಮೆಟ್ಟಿಲು ಎತ್ತರ. ಹಾಗಾಗಿ ಚಿಗವ್ವ ಕುರ್ಚಿಯಲ್ಲಿ ಕೂತರೂ ಆಕೆಯ ಬಾಯಿ ಹೊರಗೆ ನಿಂತವರ ಕಿವಿಗೆ ಸರಿಯಾಗುತ್ತದೆ. ಚಿಗವ್ವನನ್ನು ಕುರ್ಚಿಯಲ್ಲಿ ಕೂರಿಸಿ, ತುಟಿಯ ಮಟ್ಟಕ್ಕೆ ಚೌಕಟ್ಟಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ 'ಬಾಯಿ' ಎಂದು ಬರೆದರು. ನಾಲ್ಕು ಸಲ ಅಳೆದರು. ನಕ್ಕರೆ ಅಳತೆ ತಪ್ಪುತ್ತದೆ ಎಂದು ಆಕೆಗೆ ನಗಲೂ ಬಿಡಲಿಲ್ಲ.

ಹಾಳೆ ತರಲು ರಾಣೆಬೆನ್ನೂರಿಗೆ ನನ್ನನ್ನೂ ಕರೆದೊಯ್ದರು. ಮೂರಡಿ ಅಗಲ, ನಾಲ್ಕಡಿ ಎತ್ತರದ ಹಾಳೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಅದನ್ನು ಕೂರಿಸಿ, ಟವೆಲ್ಲು ಹೊದಿಸಿ, ನಡುವೆ ತಾವು, ಈಚೆಗೆ ನಾನು. ಕಂಡಕ್ಟರ್ ಬಂದ. ನನಗೆ ಪುಕ್ಕಟೆ ಟಿಕೆಟ್ ಹರಿದ, ಕಾಕಾಗೆ ದುಡ್ಡಿನದು. ಆಮೇಲೆ ಟವೆಲ್ಲು ಹೊದ್ದು ಕೂತ ಆಸಾಮಿಯನ್ನು ನೋಡಿದ. ಅದಕ್ಕೂ ಪೂರಾ ಟಿಕೆಟ್ ಕೊಡಿ, ಸೀಟು ಹಿಡಿದಿದೆ ಎಂದು ಕಾಕಾ ನ್ಯಾಯವಾಗಿ ದುಡ್ಡು ಮುಂದೆ ಮಾಡಿದರು.

"ಗಂಡೋ ಹೆಣ್ಣೋ ಮೊದಲ ಹೇಳ್ರಿ ಅಜ್ಜಾರ," ಎಂದ ಕಂಡಕ್ಟರ್. "ಹೆಣ್ಣಾದ್ರ ರೊಕ್ಕಾ ಬ್ಯಾಡ."

ಇಡೀ ಬಸ್ಸು ನಕ್ಕಿತು. ಕಾಕಾಗೆ ಅದು ಕೇಳಿಸಲಿಲ್ಲ. ಹಾಳೆಗೆ ಗಾಳಿ ತಾಗದ ಹಾಗೆ ಕಿಟಕಿ ಮುಚ್ಚುವುದರಲ್ಲಿದ್ದರು.

ಇನ್ನು ತೂತು ಕೊರೆಯುವ ಕೆಲಸ. ನಮ್ಮ ಕಡೆ ಒಂಟಿ ಸೀನು ಬಂದರೆ ಹಿಡಿದ ಕೆಲಸ ನಿಲ್ಲಿಸುತ್ತಾರೆ, ಎರಡನೆಯ ಸೀನು ಬರುವ ತನಕ ಕಾಯುತ್ತಾರೆ. ಕಾಕಾ ಶಕುನ ನಂಬುವವರಲ್ಲ. ಆದರೆ ಈ ಒಂದು ಶಕುನವನ್ನು ಮಾತ್ರ ತಮ್ಮ ಸುರಕ್ಷತೆಯ ನಿಯಮಗಳಿಗೆ ಸೇರಿಸಿಕೊಂಡಿದ್ದಾರೆ. ಸೀನಿದರೆ ಕೈ ಅಲುಗುತ್ತದೆ, ಪಕ್ಕದವರು ಸೀನಿದರೆ ಮನಸ್ಸು ಅಲುಗುತ್ತದೆ, ಹಿರಿಯರು ಇದನ್ನು ಡ್ರಿಲ್ಲಿಗೆಂದೇ ಹೇಳಿಟ್ಟಿದ್ದಾರೆ ಎಂಬುದು ಅವರ ವಾದ. ಸರಿ, ಆದರೆ ಇದು ಬ್ಯಾಡಗಿ! ಅದೂ ಮೆಣಸಿನಕಾಯಿ ಸುಗ್ಗಿ! ಅದೂ ಖಾರದ ಗಿರಣಿಯ ಪಕ್ಕ! ಚಣ್ಣ ಹಾಕಿ, ಕನ್ನಡಕ ಏರಿಸಿ, ಡ್ರಿಲ್ ಎತ್ತಿದರೆ ಹುಸೇನಬಿ ಸೀನುತ್ತಾಳೆ. ಇಳಿಸಿ, ಕಾದು, ಮತ್ತೆ ಎತ್ತಿದರೆ ಡಬ್ಬಿ ತಂದವರು ಸೀನುತ್ತಾರೆ. ಎರಡು ದಿನ ಮುಗಿಯಿತು. ಸೀನಿದವರು ಅರ್ಧ ಊರು, ಕೊರೆದ ತೂತು ಒಂದೂ ಇಲ್ಲ.

ಕೊನೆಗೆ ಕಾಕಾ ಅಮವಾಸ್ಯೆಯನ್ನು ಹುಡುಕಿ ತೆಗೆದರು. ಅಮವಾಸ್ಯೆಗೆ ಗಿರಣಿ ಬಂದ್. ಮಷೀನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಾರೆ. ಅವತ್ತು ಅದನ್ನು ತಿರುಗಿಸುವುದಿಲ್ಲ. ಧೂಳಿಲ್ಲ, ಸೀನಿಲ್ಲ. ಅಮವಾಸ್ಯೆಯ ದಿನ ಹೊಸ ಕೆಲಸ ಹಿಡಿಯುವವರುಂಟೇ ಎಂದು ಚಿಗವ್ವ ಕೈ ಆಡಿಸಿ, ತಲೆ ಆಡಿಸಿ ಹೇಳಿದಳು. ಕಾಕಾ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಅತ್ತ ನೋಡಲೇ ಇಲ್ಲ.

ನಾನು ಹಾಳೆ ಹಿಡಿಯುವವಳು. ಚೌಕಟ್ಟಿನ ಸ್ಕ್ರೂಗಳಿಗೆ ಹದಿನಾಲ್ಕು ತೂತು ಹೂವು ಬಿಡಿಸಿದಷ್ಟು ಸಲೀಸಾಗಿ ಆದವು. ಆಮೇಲೆ ಮಾತಿನ ಏಳು ತೂತು: ನಡುವೆ ಒಂದು, ಸುತ್ತ ಆರು. ಏಳನೆಯದು ನಡೆದಿತ್ತು. ಕಡ್ಡಿ ಇನ್ನೇನು ಆ ಕಡೆ ಇಣುಕಬೇಕು, ಕಾಕಾ ಉಸಿರು ಹಿಡಿದು ಕೈ ಹಗುರ ಬಿಡುತ್ತಿದ್ದರು. ಅಷ್ಟರಲ್ಲಿ ಅಡುಗೆ ಮನೆಯಿಂದ ಘಾಟು ಬಂತು.

ಅಮವಾಸ್ಯೆ ಅಂದರೆ ಹೋಳಿಗೆ, ಹೋಳಿಗೆ ಅಂದರೆ ಕಟ್ಟಿನ ಸಾರು, ಸಾರು ಅಂದರೆ ಒಗ್ಗರಣೆ. ಗಿರಣಿ ಬಂದ್ ಇಟ್ಟು ಧೂಳನ್ನು ತಡೆದ ಜಾಣರಿಗೆ ಒಲೆಯ ನೆನಪೇ ಇರಲಿಲ್ಲ! ಚಿಗವ್ವ ಹಬ್ಬದ ದಿನವಾದರೂ ತಾನೇ ಅಡುಗೆ ಮಾಡಬೇಕೆಂದು, ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿಬಿಟ್ಟಿದ್ದಳು. ನಾನು ಸೀನಿದೆ. ಮತ್ತೆ ಸೀನಿದೆ. ಮೂಗಿಗೆ ಮೂರು ಸುತ್ತು ಟವೆಲ್ಲು ಕಟ್ಟಿದ್ದ ಕಾಕಾ ಅಲುಗಲಿಲ್ಲ. ಆಮೇಲೆ ಅಡುಗೆ ಮನೆಯಲ್ಲಿ ಕೆಮ್ಮು ಶುರುವಾಯಿತು. ನಿಲ್ಲುವ ಕೆಮ್ಮಲ್ಲ ಅದು.

ಮಗ್ಗುಲಲ್ಲಿ ನಿಂತು ಕರೆದರೂ ಕೇಳಿಸದ ಮನುಷ್ಯನಿಗೆ ಎರಡು ಕೋಣೆ ಆಚೆಯ ಆ ಕೆಮ್ಮು ಹೇಗೆ ಕೇಳಿಸಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಡ್ರಿಲ್ಲನ್ನು ಹಾಗೇ ಬಿಟ್ಟು ಓಡಿದರು. ಅದು ತೂತಿನಲ್ಲಿ ಸಿಕ್ಕಿಕೊಂಡು ಪಕ್ಕಕ್ಕೆ ವಾಲಿತು, ಹಾಳೆ ಟಣ್ ಎಂದು ಮೇಲಿನಿಂದ ಕೆಳಗಿನ ತನಕ ಸೀಳಿತು. ನಾನು ಹೋಗುವಷ್ಟರಲ್ಲಿ ಚಿಗವ್ವ ಹಿತ್ತಲ ಮೆಟ್ಟಿಲ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಮುಖ ಕಪ್ಪಿಟ್ಟಿತ್ತು. ಕಾಕಾ ಒಂದು ಕೈಯಲ್ಲಿ ಡಾಕ್ಟರು ಕೊಟ್ಟಿದ್ದ ಔಷಧದ ಪಂಪನ್ನು ಆಕೆಯ ಬಾಯಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನು ಸವರುತ್ತಿದ್ದರು.

"ಹಗರ... ಹಗರ ಎಳಕೋ. ಅವಸರ ಮಾಡಬ್ಯಾಡ," ಎನ್ನುತ್ತಿದ್ದರು ಕಾಕಾ.

ಬಹಳ ಹೊತ್ತಿನ ಮೇಲೆ ಉಸಿರು ದಾರಿಗೆ ಬಂತು. ಚಿಗವ್ವ ಕಣ್ಣೆತ್ತಿ ಗಂಡನನ್ನು ನೋಡಿದಳು: ಚಣ್ಣ, ಕಣ್ಣಿಗೆ ಕಪ್ಪೆಯ ಕಣ್ಣಿನಂಥ ಕನ್ನಡಕ, ಮುಖಕ್ಕೆ ಟವೆಲ್ಲು. ಆ ಸ್ಥಿತಿಯಲ್ಲೂ ನಕ್ಕುಬಿಟ್ಟಳು. ಆಮೇಲೆ ಒಳಗೆ ಬಂದು ಒಡೆದ ಹಾಳೆ ಕಂಡು ತನ್ನಿಂದಲೇ ಹೀಗಾಯಿತು ಎಂದು ಕಣ್ಣೀರು ತೆಗೆದಳು. ಕಾಕಾ ಚೂರುಗಳನ್ನು ಒಟ್ಟು ಮಾಡುತ್ತ, ಹಾಳೆ ಇನ್ನೊಂದು ಸಿಗುತ್ತದೆ ಎಂದಷ್ಟೇ ಹೇಳಿದರು. ಆದರೆ ಸಂಜೆಯವರೆಗೂ ಮುಖ ಸಪ್ಪಗಿತ್ತು. ನಾನು ಬಸ್ಸಿಗೆ ಹೊರಟಾಗ ಪಕ್ಕಕ್ಕೆ ಕರೆದು, ಕೊಲೆ ಒಪ್ಪಿಕೊಳ್ಳುವವರ ಹಾಗೆ ಹೇಳಿದರು: "ಪ್ಲಗ್ ತಗೀಲೇ ಇಲ್ಲವಾ ನಾ."

ಎಂಟು ದಿನದ ಮೇಲೆ ಮತ್ತೆ ರಾಣೆಬೆನ್ನೂರು, ಮತ್ತೆ ಟವೆಲ್ಲು ಹೊದ್ದ ಆಸಾಮಿ, ಮತ್ತೆ ಅದೇ ಕಂಡಕ್ಟರ್! ಇದು ಆಕೆಯ ತಂಗಿಯೇ ಎಂದು ಕೇಳಿದ. ಈ ಸಲ ಬಲಗಿವಿಯ ಕಡೆ ನಿಂತಿದ್ದನಾದ್ದರಿಂದ ಕಾಕಾಗೆ ಕೇಳಿಸಿತು. "ಹೂಂನಪಾ. ಅಕ್ಕಗ ಪೆಟ್ಟಾತು," ಎಂದರು ಗಂಭೀರವಾಗಿ.

ಎರಡನೆಯ ಹಾಳೆಯನ್ನು ನಮ್ಮ ಹಾವೇರಿಯ ಮನೆಯಲ್ಲೇ ಕೊರೆದರು. ಅಲ್ಲಿ ಸೀನೂ ಇಲ್ಲ, ಒಗ್ಗರಣೆಗೆ ಮೂರು ದಿನ ರಜೆ. ಮೂರನೆಯ ದಿನ ನಾನು ಶಾಲೆಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬ್ಯಾಡಗಿಯಲ್ಲಿ ಅದನ್ನು ಕೂರಿಸಿ, ಮೇಲಿನ ಕಾಗದ ಸುಲಿದಾಗಲೇ ನಾವು ನೋಡಿದ್ದು: ಚಿಗವ್ವನ ಬಾಯಿಯ ಮಟ್ಟಕ್ಕೆ ಏಳು ತೂತು ಸರಿಯಾಗಿಯೇ ಇದ್ದವು. ಆದರೆ ಬಹಳ ಕೆಳಗೆ, ಎಡಮೂಲೆಯ ಹತ್ತಿರ ಇನ್ನೂ ಐದು ತೂತುಗಳಿದ್ದವು! ಅಲ್ಲಿ ಯಾರ ಬಾಯಿ ಬರುತ್ತದೆ? ಬೆಕ್ಕಿನದೇ? ನಾಲ್ಕು ಸಲ ಅಳೆಯುವವರ ಅಳತೆ ತಪ್ಪಿತು! ಹುಸೇನಬಿ ಸೆರಗು ಬಾಯಿಗಿಟ್ಟು ನಕ್ಕಳು. ನಾನಂತೂ ನನ್ನ ನಾಮಫಲಕದ ಸೇಡು ತೀರಿಸಿಕೊಂಡೆ. ಎಂಥ ಫಿಟ್ಟರ್ ಮಾಸ್ತರು ನೀವು ಎಂದು ಬಲಗಿವಿಗೇ ಹೋಗಿ ಹೇಳಿದೆ. ಕಾಕಾ ಸ್ಕ್ರೂ ತಿರುಗಿಸುತ್ತಲೇ ಇದ್ದರು.

ಗಿರಣಿ ಶುರುವಾಯಿತು. ಡಬ್ಬಿಗಳು ಬಂದವು. ಚಿಗವ್ವ ಮೆಲ್ಲಗೆ ಮಾತನಾಡಿದಳು, ಹೆಂಗಸರು ಏಳು ತೂತಿಗೆ ಕಿವಿಯಿಟ್ಟು ಕೇಳಿದರು, ಒಂದು ತಿಂಗಳ ಸುದ್ದಿಯೆಲ್ಲ ಒಳಗೆ ಹೋಯಿತು. ಆಕೆಯ ಮುಖ ಅರಳಿದ್ದನ್ನು ನೋಡುತ್ತ ನಾನು ಕಿಟಕಿಯ ಕೆಳಗಿದ್ದ ಗಿಡ್ಡ ಸ್ಟೂಲಿನ ಮೇಲೆ ಕೂತೆ. ಈಗ ಡಬ್ಬಿ ಇಳಿಸಿಕೊಳ್ಳುವ ಕಾಕಾ ದಿನವಿಡೀ ಕೂರುವ ಸ್ಟೂಲು ಅದು. ಗೋಡೆಗೆ ಒರಗಿದವಳಿಗೆ ಕಿಟಕಿಯ ಚೌಕಟ್ಟಿನ ಮೇಲೆ ಒಂದು ಸೀಮೆಸುಣ್ಣದ ಗೆರೆ ಕಂಡಿತು, ಐದು ತೂತುಗಳ ಮಟ್ಟಕ್ಕೆ ಸರಿಯಾಗಿ. ಪಕ್ಕದಲ್ಲಿ ಒಂದೇ ಶಬ್ದ: 'ಕಿವಿ'.

ಡಾಕ್ಟರು ಹೇಳಿದ ಎರಡನೆಯ ಮಾತನ್ನು ನಾವೆಲ್ಲ ಮರೆತಿದ್ದೆವು. ಕಿವಿ ಕೇಳದವರೊಬ್ಬರೇ ನೆನಪಿಟ್ಟಿದ್ದರು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ಅವರ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಬ್ಯಾಡಗಿಯಲ್ಲಿ ಒಂದು ಅನುಕೂಲವಿದೆ: ಕಣ್ಣಲ್ಲಿ ನೀರು ಬಂದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಎದ್ದು ಜಾಗ ಬಿಟ್ಟೆ.

ಕಾಕಾ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು, ಬಲಗಿವಿಯನ್ನು ಹಾಳೆಗೆ ತಾಗಿಸಿದರು. ನಾನು ಒಳಗೆ ಹೋಗಿ ಚಿಗವ್ವನಿಗೆ ಕೆಳಗಿನ ತೂತುಗಳನ್ನು ತೋರಿಸಿದೆ. ಆಕೆ ಒಂದು ಗಳಿಗೆ ಅರ್ಥವಾಗದೆ ನೋಡಿದಳು. ಆಮೇಲೆ ಕುರ್ಚಿ ಸರಿಸಿ, ಬಾಗಿ, ಐದು ತೂತುಗಳ ಹತ್ತಿರ ಬಾಯಿ ತಂದಳು. ಗಿರಣಿ ಗರಗರ ಎನ್ನುತ್ತಿತ್ತು. ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಚಾ ಕುಡೀತೀರೇನ್ರಿ?"

"ಹೂಂ," ಎಂದರು ಕಾಕಾ, ತಿರುಗದೆ.

ಚಿಗವ್ವ ಏಳಲಿಲ್ಲ. ಚಹಾದ ವಿಷಯವನ್ನೂ ಮರೆತವಳ ಹಾಗೆ ಅಲ್ಲೇ ಬಾಗಿ ಕೂತು, ಅದೇ ಸಣ್ಣ ದನಿಯಲ್ಲಿ ಅದನ್ನೇ ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಕಾಕಾ ಪ್ರತಿ ಸಲವೂ, ಮೊದಲ ಸಲ ಕೇಳಿಸಿದವರ ಹಾಗೆ, ಹೂಂ ಎಂದರು.